ನ್ಯೂಮನ್ನರ ಗೀತೆಗೆ ಕನ್ನಡದ ನಡಿಗೆ ಕೊಟ್ಟ ಆಚಾರ್ಯ ಬಿ.ಎಂ.ಶ್ರೀ.

ಕತ್ತಲೆಯಲ್ಲಿ ದಾರಿ ಕಾಣದ ಪಯಣಿಗನೊಬ್ಬನು ದಯಾಮಯವಾದ ಬೆಳಕನ್ನು ಕರೆದು, ತನ್ನನ್ನು ಮನೆ ಮುಟ್ಟಿಸೆಂದು ಬೇಡಿಕೊಳ್ಳುವ ಕನ್ನಡ ಗೀತೆಯೊಂದನ್ನು ಕೇಳಿರದ ಕುಟುಂಬ ನಮ್ಮಲ್ಲಿ ವಿರಳ. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ಮೃತರ ಸ್ಮರಣೆಯ ಕೂಟದಲ್ಲಿ, ಆಕಾಶವಾಣಿಯ ಗೀತಾರಾಧನೆಯಲ್ಲಿ ಅದು ನಮ್ಮ ಕಿವಿಗೆ ಬೀಳುತ್ತಲೇ ಇದೆ. ಮಂಡಿ ಮೊಹಲ್ಲಾದ ಕ್ರೈಸ್ತ ಮನೆಗಳಲ್ಲಿ ಹೇಗೋ ಹಾಗೆಯೇ ಹಿಂದೂ ಮನೆಗಳಲ್ಲಿಯೂ ಅದನ್ನು ಬಾಯಿಪಾಠವಾಗಿ ಬಲ್ಲವರಿದ್ದಾರೆ. ಮೂಲಗೀತೆ ಕಾರ್ಡಿನಲ್ ನ್ಯೂಮನ್ನರದೆಂಬುದು ಹಲವರಿಗೆ ಗೊತ್ತು. ಕನ್ನಡದ ಗೀತೆ ಬಿ.ಎಂ. ಶ್ರೀಕಂಠಯ್ಯನವರದೆಂಬುದೂ ಕೆಲವರಿಗೆ ಗೊತ್ತು. ಆದರೆ ಇಂಗ್ಲೆಂಡಿನ ಪ್ರಾರ್ಥನೆಯೊಂದು ಕನ್ನಡ ಬಾಯಲ್ಲಿ ಇಷ್ಟು ಸಲೀಸಾಗಿ ಹೇಗೆ ನಡೆಯುತ್ತದೆಂದು ಕೇಳಿಕೊಂಡವರು ಕಡಿಮೆ. ಅದಕ್ಕೆ ಉತ್ತರವು ಶ್ರೀಕಂಠಯ್ಯನವರ ಬಾಳಿನಲ್ಲಿದೆ. ಎರಡು ಭಾಷೆಗಳ ಛಂದಸ್ಸನ್ನೂ ಉಚ್ಚಾರಣೆಯನ್ನೂ ಅವರು ಇಪ್ಪತ್ತು ವರ್ಷಗಳಿಗೂ ಮೀರಿ ಕಿವಿಗೊಟ್ಟು ಅಭ್ಯಾಸ ಮಾಡಿದವರು.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ. ತಂದೆಯ ಊರು ನಾಗಮಂಗಲದ ಬಳಿಯ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲ್ಯದ ಓದು ಅಲ್ಲಿಯೇ ನಡೆಯಿತು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಅಬ್ಬೆ ದ್ಯುಬುವಾ ಅವರು ಚದುರಿಹೋಗಿದ್ದ ಕಥೋಲಿಕರನ್ನು ಮತ್ತೆ ಕೂಡಿಸಲು ಶ್ರಮಿಸಿದ ಊರು ಅದೆಂಬುದನ್ನು ನಮ್ಮ ಓದುಗರು ಬಲ್ಲರು. ಶ್ರೀಕಂಠಯ್ಯನವರು ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿಯನ್ನೂ, ಮದರಾಸಿನಲ್ಲಿ ಕಾನೂನು ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದರು. ತಂದೆಯ ವೃತ್ತಿಯನ್ನೇ ಹಿಡಿಯಬಹುದಿತ್ತು, ಹಿಡಿಯಲಿಲ್ಲ. 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು.

ಅಂದಿನ ಮೈಸೂರನ್ನು ನಾವು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಇಂದು ಮಂಡಿ ಮೊಹಲ್ಲಾದಿಂದ ಕಾಣುವ ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳು ಆಗ ಇರಲಿಲ್ಲ. ಅವುಗಳ ಅಸ್ತಿಭಾರವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಇಟ್ಟಿದ್ದು 1933ರ ಅಕ್ಟೋಬರ್ 28ರಂದು. ಮುಮ್ಮಡಿಯವರ ಕಾಲದಲ್ಲಿ, 1843ರಲ್ಲಿ ಕಟ್ಟಿದ್ದ ಹಳೆಯ ದೇವಾಲಯದಲ್ಲಿ ಲತೀನ್ ಬಲಿಪೂಜೆ ನಡೆಯುತ್ತಿತ್ತು. ಮಂಡಿ ಮೊಹಲ್ಲಾದಲ್ಲಿ ವೆಸ್ಲಿಯನ್ ಮಿಷನಿನವರ ಆಸ್ಪತ್ರೆ ಆರಂಭವಾಗಿ ಮೂರು ವರ್ಷವಾಗಿತ್ತು. ಸಾಮಾನು ತುಂಬಿದ ಗಾಡಿಗಳ ನಡುವೆ ಉರ್ದು, ತಮಿಳು, ಕನ್ನಡ ಮೂರನ್ನೂ ಒಂದೇ ಬೀದಿಯಲ್ಲಿ ಕೇಳಬಹುದಾಗಿತ್ತು, ಈಗಲೂ ಕೇಳಬಹುದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಮಹಾರಾಜಾ ಕಾಲೇಜು. ಅದರೊಳಗೆ ಮಾತ್ರ ಇಂಗ್ಲಿಷಿನದೇ ದರ್ಬಾರು. ಬುದ್ಧಿವಂತ ಹುಡುಗರು ಕವಿತೆ ಬರೆದರೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಮುಂದೆ ಕುವೆಂಪು ಎಂದು ಹೆಸರಾದ ವಿದ್ಯಾರ್ಥಿ ಕೂಡ ಮೊದಲು ಹಾಗೆಯೇ ಬರೆದು, ಐರಿಷ್ ಕವಿ ಜೇಮ್ಸ್ ಕಸಿನ್ಸರು ಬುದ್ಧಿ ಹೇಳಿದ ಮೇಲೆ ಕನ್ನಡಕ್ಕೆ ಹೊರಳಿದವರು. ಕನ್ನಡವು ಹಿತ್ತಲಿನ ಭಾಷೆಯಾಗಿತ್ತು. ಇಂಗ್ಲಿಷ್ ಕಲಿಸಿ ಸಂಬಳ ಪಡೆಯುತ್ತಿದ್ದ ಶ್ರೀಕಂಠಯ್ಯನವರೇ 1911ರಲ್ಲಿ ಧಾರವಾಡಕ್ಕೆ ಹೋಗಿ, ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಆಗ ಅವರ ವಯಸ್ಸು ಇಪ್ಪತ್ತೇಳು.

ತಲೆಯೆತ್ತಬೇಕಾದರೆ ಹೊಸ ಕವಿತೆ ಬೇಕು. ಹೊಸ ಕವಿತೆಗೆ ಹೊಸ ಲಯ ಬೇಕು. ಅಲ್ಲಿ ಅವರಿಗೆ ಎದುರಾದ ತೊಡಕು ಏನೆಂಬುದನ್ನು ತಿಳಿಯದೆ ಅವರ ಸಾಧನೆಯ ಬೆಲೆ ನಮಗೆ ತಿಳಿಯದು. ಆದುದರಿಂದ ಓದುಗರು ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ಬರಬೇಕು.

ಇಂಗ್ಲಿಷ್ ಪದ್ಯವು ನಿಂತಿರುವುದು ಒತ್ತಿನ ಮೇಲೆ. ಒಂದು ಮಾತಿನಲ್ಲಿ ಯಾವ ಸ್ವರವನ್ನು ಬಲವಾಗಿ ಉಚ್ಚರಿಸುತ್ತೇವೆ ಎಂಬುದೇ ಅಲ್ಲಿ ಮುಖ್ಯ. ರೆಕಾರ್ಡ್ ಎಂಬ ಪದವನ್ನೇ ನೋಡಿ: ಮೊದಲ ಭಾಗವನ್ನು ಒತ್ತಿದರೆ ಅದು ವಸ್ತು ಅಥವಾ ದಾಖಲೆ, ಎರಡನೆಯ ಭಾಗವನ್ನು ಒತ್ತಿದರೆ ದಾಖಲಿಸುವ ಕ್ರಿಯೆ. ನಮ್ಮಲ್ಲಿ ಹಾಗಿಲ್ಲ. ಕನ್ನಡದಲ್ಲಿ ಅರ್ಥವನ್ನು ಬದಲಿಸುವುದು ಒತ್ತಲ್ಲ, ಸ್ವರದ ಉದ್ದ. ಬಲ ಬೇರೆ, ಬಾಲ ಬೇರೆ. ಕರ ಬೇರೆ, ಕಾರ ಬೇರೆ. ಆದುದರಿಂದ ಕನ್ನಡ ಪದ್ಯವು ಕಾಲವನ್ನು ಅಳೆಯುತ್ತದೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಾಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ ಎಂದು ಶಾಲೆಯಲ್ಲಿ ಕಲಿತದ್ದು ಎಲ್ಲರಿಗೂ ನೆನಪಿರಬಹುದು. ಒಂದು ಭಾಷೆ ಬಡಿತವನ್ನು ಎಣಿಸುತ್ತದೆ, ಇನ್ನೊಂದು ಕಾಲವನ್ನು ತೂಗುತ್ತದೆ. ಇವೆರಡರ ನಡುವೆ ಸೇತುವೆ ಕಟ್ಟುವುದು ಹೇಗೆ?

ಉಚ್ಚಾರಣೆ ಕಾಲದೊಡನೆ ಬದಲಾಗುತ್ತದೆ ಎಂಬುದು ಇನ್ನೊಂದು ತೊಡಕು. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕನು ಇದನ್ನರಿಯದೆ ಪಾಠ ಹೇಳುವಂತಿಲ್ಲ. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲದಲ್ಲಿ ಎಷ್ಟೋ ಪದಗಳ ಕೊನೆಯಲ್ಲಿ ಒಂದು ಎಕಾರವನ್ನು ಸ್ಪಷ್ಟವಾಗಿ ಉಚ್ಚರಿಸುತ್ತಿದ್ದರು. ಮುಂದೆ ಅದು ಬಾಯಿಂದ ಬಿದ್ದುಹೋಯಿತು, ಬರಹದಲ್ಲಿ ಮಾತ್ರ ಉಳಿಯಿತು. ಮುನ್ನೂರು ವರ್ಷಗಳ ನಂತರ ಡ್ರೈಡನ್ನನಂಥ ಮಹಾಕವಿಗೂ ಚಾಸರನ ಸಾಲುಗಳು ಕುಂಟುವಂತೆ ಕೇಳಿಸಿದವು. ಪಾಪ, ಹಿಂದಿನವರ ಕಿವಿ ಒರಟೆಂದು ಅವನು ಭಾವಿಸಿದ. 1775ರಲ್ಲಿ ಟಿರ್‌ವಿಟ್ ಎಂಬ ವಿದ್ವಾಂಸನು ಆ ಬಿದ್ದುಹೋದ ಎಕಾರವನ್ನು ಮತ್ತೆ ಸೇರಿಸಿ ಓದಿ ತೋರಿಸಿದಾಗ ಸಾಲುಗಳು ಸರಿಯಾಗಿ ಹೆಜ್ಜೆ ಹಾಕಿದವು. ಗಾಳಿ ಎಂಬರ್ಥದ ವಿಂಡ್ ಶಬ್ದವು ಹಳೆಯ ಕವಿಗಳಲ್ಲಿ ಕೈಂಡ್ ಎಂಬುದರೊಡನೆ ಪ್ರಾಸವಾಗುವುದೂ ಇಂಥದೇ. ಅಂದು ಅದನ್ನು ವೈಂಡ್ ಎಂದೂ ಅನ್ನುತ್ತಿದ್ದರು. ಹಳೆಯ ಉಚ್ಚಾರಣೆಯನ್ನು ಛಂದಸ್ಸು ಬಯಲಿಗೆಳೆಯುತ್ತದೆ. ಉಚ್ಚಾರಣೆ ತಿಳಿದರೆ ಛಂದಸ್ಸು ಬಿಚ್ಚಿಕೊಳ್ಳುತ್ತದೆ.

ನಮ್ಮ ಹಳಗನ್ನಡದಲ್ಲಿಯೂ ಇದು ಹೀಗೆಯೇ. ಹದಿಮೂರನೆಯ ಶತಮಾನದ ಕೇಶಿರಾಜನ ವ್ಯಾಕರಣದಲ್ಲಿ ಶಿಥಿಲದ್ವಿತ್ವ ಎಂಬ ಮಾತು ಬರುತ್ತದೆ. ಎರ್ದೆ ಎಂಬ ಹಳೆಯ ಪದದಲ್ಲಿ ಒತ್ತಕ್ಷರವಿದ್ದರೂ ಅದರ ಹಿಂದಿನ ಅಕ್ಷರವನ್ನು ಲಘುವಾಗಿಯೇ ಎಣಿಸಬಹುದು, ಏಕೆಂದರೆ ಅದನ್ನು ತೇಲಿಸಿ ಉಚ್ಚರಿಸುತ್ತಿದ್ದರು. ಈಗ ನಾವು ಎದೆ ಎನ್ನುತ್ತೇವೆ. ಕೇಶಿರಾಜನು ಕಿವಿಯಿಂದ ವ್ಯಾಕರಣ ಬರೆದವನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಶ್ರೀಕಂಠಯ್ಯನವರು ಒಂದು ಕೈಯಲ್ಲಿ ಇಂಗ್ಲಿಷ್ ಕವಿಗಳನ್ನೂ ಇನ್ನೊಂದು ಕೈಯಲ್ಲಿ ಪಂಪ ರನ್ನರನ್ನೂ ಹಿಡಿದು ಓದಿದವರು. ಕನ್ನಡ ಛಂದಸ್ಸಿನ ಚರಿತ್ರೆಯನ್ನು ಅವರೇ ಬರೆದರು.

ಕನ್ನಡ ಛಂದಸ್ಸನ್ನು ಯುರೋಪಿನ ವಿದ್ವಾಂಸರೊಬ್ಬರು ಮೊದಲೇ ಶೋಧಿಸಿದ್ದರು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರು ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಮಂಗಳೂರಿನಿಂದ ಪ್ರಕಟಿಸಿದರು. ಅದಕ್ಕೂ ಹಿಂದೆ, 1862ರಲ್ಲಿ, ಯೇಸುಸ್ವಾಮಿಯ ಚರಿತೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಕಥಾಮಾಲೆಯಾಗಿ ಹೆಣೆದಿದ್ದರು. ಜರ್ಮನಿಯ ಮಿಷನರಿ ಕನ್ನಡದ ಲಯವನ್ನು ಕಲಿತರು. ಬೆಳ್ಳೂರಿನ ಅಧ್ಯಾಪಕರು ಇಂಗ್ಲಿಷಿನ ಲಯವನ್ನು ಕಲಿತರು. ಇಬ್ಬರ ದಾರಿಯೂ ಒಂದೇ ಸೇತುವೆಯ ಎರಡು ತುದಿ ಎನ್ನಬಹುದು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದವರಲ್ಲಿಯೂ ಶ್ರೀಕಂಠಯ್ಯನವರು ಮೊದಲಿಗರಲ್ಲ. ಎಸ್.ಜಿ. ನರಸಿಂಹಾಚಾರ್ಯರು, ಪಂಜೆ ಮಂಗೇಶರಾಯರು, ಹಟ್ಟಿಯಂಗಡಿ ನಾರಾಯಣರಾಯರು ಮೊದಲೇ ಆ ಕೆಲಸಕ್ಕೆ ಕೈಹಾಕಿದ್ದರು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ಬಿಟ್ಟರು. ಪ್ರಭುವಿನ ಕೊನೆಯ ದಿನವನ್ನು ಕುರಿತ ಗೊಲ್ಗೊಥಾ ಕಾವ್ಯವನ್ನು ಬರೆದವರು ಇದೇ ಪೈಗಳು.

ಹಾಗಾದರೆ ಶ್ರೀಕಂಠಯ್ಯನವರ ಹೆಚ್ಚಳವೇನು? ಅವರು ಮೂಲದ ಮಾತುಗಳನ್ನಷ್ಟೇ ಅಲ್ಲ, ಮೂಲದ ನಡಿಗೆಯನ್ನು ಗಮನಿಸಿದರು. ಆದರೆ ಆ ನಡಿಗೆಯನ್ನು ಹಾಗೆಯೇ ಎತ್ತಿ ತಂದು ಕನ್ನಡದ ಕಾಲಿಗೆ ಕಟ್ಟಲಿಲ್ಲ. ಇಂಗ್ಲಿಷಿನ ಒತ್ತು ಕನ್ನಡದಲ್ಲಿ ಹುಟ್ಟಲಾರದೆಂದು ತಿಳಿದು, ಅದಕ್ಕೆ ಸಾಟಿಯಾಗುವುದನ್ನು ಕನ್ನಡದೊಳಗೇ ಹುಡುಕಿದರು. ಮೂರು, ನಾಲ್ಕು, ಐದು ಮಾತ್ರೆಗಳ ಗುಂಪುಗಳು ನಮ್ಮ ಷಟ್ಪದಿ, ರಗಳೆಗಳಲ್ಲಿಯೂ ಹೆಂಗಸರ ಹಾಡುಗಳಲ್ಲಿಯೂ ಇದ್ದೇ ಇದ್ದವು. ಆ ಇಟ್ಟಿಗೆಗಳನ್ನು ಬಿಚ್ಚಿಕೊಂಡು ಹೊಸ ಮನೆ ಕಟ್ಟಿದರು. ಸಾಲುಗಳು ಒಂದೇ ಅಳತೆಯಲ್ಲಿರಬೇಕೆಂಬ ಹಟ ಬಿಟ್ಟರು. ಉದ್ದ ಸಾಲಿನ ಪಕ್ಕದಲ್ಲಿ ಗಿಡ್ಡ ಸಾಲು ನಿಲ್ಲಿಸಿದರು. ಕೊನೆಯ ಗುಂಪನ್ನು ಅರ್ಧಕ್ಕೆ ಕತ್ತರಿಸಿ ಮೌನಕ್ಕೆ ಜಾಗ ಕೊಟ್ಟರು. ಹೀಗೆ ಸಿದ್ಧವಾದ ಇಂಗ್ಲಿಷ್ ಗೀತಗಳು 1921ರಲ್ಲಿ ಚಿಕ್ಕದಾಗಿ ಕಾಣಿಸಿಕೊಂಡು, 1926ರಲ್ಲಿ ಪೂರ್ಣ ಸಂಕಲನವಾಗಿ ಬಂದಿತು. ವರ್ಡ್ಸ್‌ವರ್ತ್, ಶೆಲ್ಲಿ, ಬರ್ನ್ಸ್ ಮುಂತಾದವರು ಅದರಲ್ಲಿ ಕನ್ನಡ ಕಲಿತರು. ನದಿಗೆ ಹಾರಿ ಪ್ರಾಣ ಕಳೆದುಕೊಂಡ ಅನಾಥ ಹೆಣ್ಣನ್ನು ಕುರಿತು ಥಾಮಸ್ ಹುಡ್ ಬರೆದ ಮರುಕದ ಕವಿತೆಯೂ ಅದರಲ್ಲಿದೆ. ಎಲ್ಲವೂ ಸಮವಾಗಿ ಬಂದಿದೆಯೆಂದು ನಾವು ಹೇಳುವುದಿಲ್ಲ. ಕೆಲವು ಪ್ರೇಮಗೀತೆಗಳು ಇಂದು ಓದುವಾಗ ಅಭ್ಯಾಸದ ಬರಹಗಳಂತೆ ತೋರುತ್ತವೆ. ಆದರೆ ನ್ಯೂಮನ್ನರ ಗೀತೆಯಲ್ಲಿ ಅವರ ಕೈ ಎಲ್ಲಿಯೂ ತಡವರಿಸಿಲ್ಲ.

ಆ ಗೀತೆ ಹುಟ್ಟಿದ ಬಗೆಯನ್ನು ಇಲ್ಲಿ ಹೇಳಬೇಕು. 1801ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಜಾನ್ ಹೆನ್ರಿ ನ್ಯೂಮನ್ನರು ಆಗ ಆಂಗ್ಲಿಕನ್ ಗುರುಗಳು, ಆಕ್ಸ್‌ಫರ್ಡಿನ ವಿದ್ವಾಂಸರು. ಇಟಲಿಯ ಪ್ರವಾಸ ಹೊರಟವರು 1833ರಲ್ಲಿ ಸಿಸಿಲಿ ದ್ವೀಪದಲ್ಲಿ ಜ್ವರ ಹತ್ತಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಊರಿಗೆ ಮರಳುವ ಹಂಬಲದಿಂದ ಪಲೆರ್ಮೊ ಬಂದರಿನಲ್ಲಿ ಮೂರು ವಾರಗಳಷ್ಟು ಕಾಲ ಹಡಗಿಗಾಗಿ ಕಾದರು. ಕೊನೆಗೆ ಸಿಕ್ಕಿದ್ದು ಕಿತ್ತಳೆ ಹಣ್ಣು ಹೊತ್ತು ಮಾರ್ಸೇಲ್ಸಿಗೆ ಹೊರಟಿದ್ದ ಹಾಯಿ ದೋಣಿ. ಅದೂ ಬೊನಿಫಾಚಿಯೊ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಒಂದು ವಾರ ನಿಂತುಬಿಟ್ಟಿತು. ಜೂನ್ 16ರಂದು, ಮುಂದಕ್ಕೆ ಹೋಗಲಾಗದೆ ನಿಂತ ಆ ದೋಣಿಯಲ್ಲಿ, ಮೂವತ್ತೆರಡು ವರ್ಷದ ನ್ಯೂಮನ್ನರು ಆ ಮೂರು ಪದ್ಯಗಳನ್ನು ಬರೆದರು. ಇಸ್ರಾಯೇಲರಿಗೆ ಅರಣ್ಯದಲ್ಲಿ ದಾರಿ ತೋರಿದ ಮೇಘಸ್ತಂಭದ ಹೆಸರನ್ನು ಅದಕ್ಕೆ ಇಟ್ಟರು. ಅವರು ಕಥೋಲಿಕ ಧರ್ಮಸಭೆಗೆ ಸೇರಿದ್ದು ಹನ್ನೆರಡು ವರ್ಷಗಳ ನಂತರ, 1845ರ ಅಕ್ಟೋಬರ್ 9ರಂದು. ಗೀತೆಯಲ್ಲಿ ದೂರದ ನೋಟ ಬೇಡ, ಒಂದು ಹೆಜ್ಜೆಯಷ್ಟು ಸಾಕೆಂಬ ಬೇಡಿಕೆಯಿದೆ. ಅದನ್ನು ಬರೆದಾಗ ಆ ದಾರಿ ರೋಮಿನತ್ತ ಹೋಗುತ್ತದೆಂಬುದು ಬರೆದವರಿಗೇ ತಿಳಿದಿರಲಿಲ್ಲ.

ಮೂಲದಲ್ಲಿ ಪ್ರತಿ ಪದ್ಯಕ್ಕೂ ಆರು ಸಾಲು. ಮೊದಲ ಸಾಲಿಗೆ ಹತ್ತು ಸ್ವರಭಾಗಗಳು, ಎರಡನೆಯದಕ್ಕೆ ನಾಲ್ಕೇ. ಮತ್ತೆ ಹತ್ತು, ಮತ್ತೆ ನಾಲ್ಕು. ಕೊನೆಯ ಎರಡು ಸಾಲಿಗೆ ಹತ್ತು ಹತ್ತು. ನಡೆದು, ನಿಂತು, ಮತ್ತೆ ನಡೆದು, ಮತ್ತೆ ನಿಲ್ಲುವ ಪಯಣಿಗನ ಉಸಿರೇ ಅಲ್ಲಿ ಛಂದಸ್ಸಾಗಿದೆ. ಈ ನಿಲುಗಡೆ ಹೋದರೆ ಗೀತೆಯ ಜೀವ ಹೋಯಿತು. ಶ್ರೀಕಂಠಯ್ಯನವರು ಇದನ್ನು ಕಂಡುಕೊಂಡರು. ಕನ್ನಡದಲ್ಲಿ ಉದ್ದ ಸಾಲಿಗೆ ಐದು ಮಾತ್ರೆಗಳ ನಾಲ್ಕು ಗುಂಪು, ಎಂದರೆ ಇಪ್ಪತ್ತು ಮಾತ್ರೆ. ಗಿಡ್ಡ ಸಾಲಿಗೆ ಅಂಥವೇ ಎರಡು ಗುಂಪು, ಅದರ ಮೇಲೆ ಒಂದೇ ಒಂದು ಅಕ್ಷರ. ಆ ಒಂಟಿ ಅಕ್ಷರದಲ್ಲಿ ಹಾಡುವವನ ಉಸಿರು ನಿಲ್ಲುತ್ತದೆ. ಮಾತು ಮುಗಿದರೂ ಬೇಡಿಕೆ ಮುಗಿಯದೆ ಕೈಚಾಚಿಕೊಂಡಿರುತ್ತದೆ. ಅನುಮಾನವಿದ್ದವರು ಗೀತೆಯನ್ನು ಬೆರಳೆಣಿಸಿ ಹಾಡಿಕೊಂಡು ನೋಡಬಹುದು.

ಐದು ಮಾತ್ರೆಗಳ ನಾಲ್ಕು ಗುಂಪಿನ ಈ ಸಾಲು ಎಲ್ಲಿಂದ ಬಂದಿತು? ಅದು ಇಂಗ್ಲೆಂಡಿನದಲ್ಲ. ನಮ್ಮ ವಾರ್ಧಕ ಷಟ್ಪದಿಯ ಮೊದಲ ಸಾಲಿನ ಅಳತೆಯೇ ಅದು. ಲಕ್ಷ್ಮೀಶನ ಜೈಮಿನಿ ಭಾರತವನ್ನು ಹಳ್ಳಿಯ ಚಾವಡಿಯಲ್ಲಿ ದೀಪವಿಟ್ಟುಕೊಂಡು ಓದುತ್ತಿದ್ದವರ ಕಿವಿಯಲ್ಲಿ ನಿಂತಿದ್ದ ಲಯ ಅದು. ವಾರ್ಧಕದಲ್ಲಿಯೂ ಮೂರನೆಯ ಮತ್ತು ಆರನೆಯ ಸಾಲುಗಳ ತುದಿಯಲ್ಲಿ ಹೀಗೆಯೇ ಒಂದು ಅಕ್ಷರ ಮಿಕ್ಕು ನಿಲ್ಲುತ್ತದೆ. ಅಲ್ಲಿ ಆ ಸಾಲುಗಳು ಉದ್ದವಾಗಿ ಹರಿಯುತ್ತವೆ; ಇಲ್ಲಿ ಅವನ್ನು ಮೊಟಕು ಮಾಡಿದ್ದಾರೆ. ಪ್ರಾಸವನ್ನೂ ಅವರು ಪೂರ್ತಿ ಕೈಬಿಡಲಿಲ್ಲ. ಪ್ರಾಸದ ಸಂಕೋಲೆಯನ್ನು ಕಳಚಿದವರೆಂದು ಪ್ರಸಿದ್ಧರಾದ ಇವರು ಈ ಗೀತೆಯ ಉದ್ದ ಸಾಲುಗಳಲ್ಲಿ ಎರಡನೆಯ ಅಕ್ಷರದ ಹಳೆಯ ಪ್ರಾಸವನ್ನೇ ಉಳಿಸಿಕೊಂಡಿದ್ದಾರೆ. ಆಂಗ್ಲಿಕನ್ ಗುರುವಿನ ಪ್ರಾರ್ಥನೆಯನ್ನು ಕೇಳಿದ ಕನ್ನಡಿಗನಿಗೆ ಅದು ಪರಕೀಯವೆನಿಸದಿದ್ದರೆ ಕಾರಣ ಇದೇ. ಮಾತು ಹೊಸದು, ಹೆಜ್ಜೆ ಹಳೆಯದು.

ಅರ್ಥದಲ್ಲಿ ಒಂದು ಚಿಕ್ಕ ಬದಲಾವಣೆಯನ್ನೂ ನಾವು ಗಮನಿಸಿದ್ದೇವೆ. ಮೂಲದ ಕೊನೆಯಲ್ಲಿ ಬೆಳಗಿನ ಹೊತ್ತು ನಸುನಗುವವು ದೇವದೂತರ ಮುಖಗಳು. ಕನ್ನಡದಲ್ಲಿ ದೂತರಿಲ್ಲ, ಮುಖದ ದಿವ್ಯತೆ ಮಾತ್ರ ಉಳಿದಿದೆ. ಕಥೋಲಿಕ ಓದುಗರಿಗೆ ಇದು ಕೊರತೆಯೆನಿಸಬಹುದು. ಆದರೆ ಇಷ್ಟು ಬಿಟ್ಟುಕೊಟ್ಟುದರಿಂದಲೇ ಆ ಗೀತೆ ಎಲ್ಲರ ಮನೆಯನ್ನೂ ಹೊಕ್ಕಿತು. ಗಾಂಧೀಜಿಯವರಿಗೂ ಮೂಲಗೀತೆ ಬಹಳ ಪ್ರಿಯವಾಗಿತ್ತು.

ಇಲ್ಲಿ ನಮ್ಮದೇ ಧರ್ಮಸಭೆಯ ಚರಿತ್ರೆ ನೆನಪಾಗುತ್ತದೆ. ಲತೀನ್ ಭಾಷೆಯೂ ಒಂದು ಕಾಲಕ್ಕೆ ಕನ್ನಡದಂತೆ ಹ್ರಸ್ವ ದೀರ್ಘಗಳನ್ನು ತೂಗಿ ಪದ್ಯ ಕಟ್ಟುತ್ತಿತ್ತು. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಸಂತ ಅಂಬ್ರೋಸರು ಬರೆದ ಸ್ತುತಿಗೀತೆಗಳು ಆ ಅಳತೆಗೆ ಸೇರಿದವು. ಆದರೆ ಅಷ್ಟರಲ್ಲಿಯೇ ಜನರ ಬಾಯಲ್ಲಿ ಹ್ರಸ್ವ ದೀರ್ಘಗಳ ಭೇದ ಅಳಿಯತೊಡಗಿತ್ತು. ಅವರಿಂದ ಜ್ಞಾನಸ್ನಾನ ಪಡೆದ ಸಂತ ಅಗಸ್ಟೀನರು ಲಯ ಛಂದಸ್ಸುಗಳನ್ನು ಕುರಿತು ಆರು ಸಂಪುಟಗಳ ಗ್ರಂಥವನ್ನೇ ಬರೆದವರು. ಆಫ್ರಿಕದ ತಮ್ಮ ಜನರ ಕಿವಿಗೆ ಆ ಭೇದ ತಿಳಿಯದೆ, ಎಲುಬು ಎಂಬ ಪದವೂ ಬಾಯಿ ಎಂಬ ಪದವೂ ಒಂದೇ ಆಗಿ ಕೇಳಿಸುತ್ತವೆಂದು ಅವರು ಗುರುತಿಸಿದ್ದರು. ಆದುದರಿಂದ ಸಾಮಾನ್ಯ ಜನ ಹಾಡಲೆಂದು ತಾವು ಬರೆದ ಕೀರ್ತನೆಯಲ್ಲಿ ಪಂಡಿತರ ಅಳತೆಯನ್ನು ಬೇಕೆಂದೇ ಬಿಟ್ಟರು. ಮುಂದಿನ ಶತಮಾನಗಳ ಲತೀನ್ ಸ್ತುತಿಗೀತೆಗಳು ಒತ್ತನ್ನೂ ಅಂತ್ಯಪ್ರಾಸವನ್ನೂ ನಂಬಿ ನಡೆದವು. ಉಚ್ಚಾರಣೆ ಬದಲಾದಾಗ ಪದ್ಯವೂ ಬದಲಾಯಿತು, ಪ್ರಾರ್ಥನೆ ಮಾತ್ರ ನಿಲ್ಲಲಿಲ್ಲ. ಇದಕ್ಕೆ ವ್ಯತಿರಿಕ್ತವಾದ ಪ್ರಸಂಗವೂ ಉಂಟು. ತಾವೇ ಕವಿಯಾಗಿದ್ದ ಪೋಪ್ ಎಂಟನೆಯ ಅರ್ಬನರು ಹಳೆಯ ಸ್ತುತಿಗೀತೆಗಳ ಛಂದಸ್ಸನ್ನು ಪ್ರಾಚೀನ ನಿಯಮಕ್ಕೆ ತಕ್ಕಂತೆ ತಿದ್ದಿಸಿ 1632ರಲ್ಲಿ ಹೊರತಂದರು. ನಾಲ್ವರು ವಿದ್ವಾಂಸ ಗುರುಗಳು ಸಾವಿರದ ಹತ್ತಿರ ತಿದ್ದುಪಡಿ ಮಾಡಿದರು. ಲತೀನ್ ಶುದ್ಧವಾಯಿತು, ಆದರೆ ಗೀತೆಗಳ ಭಕ್ತಿ ಸೊರಗಿತೆಂಬ ದೂರು ಅಂದಿನಿಂದಲೂ ಇತ್ತು. ದ್ವಿತೀಯ ವತಿಕನ್ ಮಹಾಸಭೆಯ ನಂತರ ಬಹುಪಾಲು ಹಳೆಯ ಪಾಠಗಳಿಗೇ ಮರಳಲಾಯಿತು.

ಪೂಜಾವಿಧಿಯನ್ನು ಕುರಿತು ಅದೇ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಶಾಸನದ ಫಲವಾಗಿ ನಮ್ಮ ದೇವಾಲಯಗಳಲ್ಲಿ ಬಲಿಪೂಜೆಯೂ ಹಾಡುಗಳೂ ಕನ್ನಡಕ್ಕೆ ಬಂದವು. ಅವಸರದ ಆ ದಿನಗಳಲ್ಲಿ ಪಾಶ್ಚಾತ್ಯ ರಾಗಗಳಿಗೆ ಕನ್ನಡ ಮಾತುಗಳನ್ನು ತುಂಬಿದ್ದೂ ಉಂಟು. ರಾಗದ ಒತ್ತು ಬಿದ್ದಲ್ಲೆಲ್ಲ ಹ್ರಸ್ವವು ದೀರ್ಘವಾಗುತ್ತದೆ, ದೀರ್ಘವು ನುಂಗಿಹೋಗುತ್ತದೆ. ಮಾತೆ ಮರಿಯಮ್ಮನವರ ಹೆಸರಿನ ಮೊದಲ ಅಕ್ಷರವನ್ನು ರಾಗಕ್ಕಾಗಿ ಎಳೆದರೆ ಏನಾಗುತ್ತದೆಂದು ಬಾಯಲ್ಲಿ ಹೇಳಿಕೊಂಡು ನೋಡಿ. ಅದು ಊರ ಹೊರಗಿನ ಮಾರಿಗುಡಿಯ ದೇವತೆಯ ಹೆಸರಾಗಿ ಕೇಳಿಸುತ್ತದೆ! ಗಾನವೃಂದದವರು ನಗಬಾರದು, ಇದು ನಗುವ ವಿಷಯವೂ ಹೌದು, ಅಲ್ಲವೂ ಹೌದು. ಅರ್ಥ ಕೆಟ್ಟ ಪ್ರಾರ್ಥನೆಯನ್ನು ಹಾಡುವ ಮಗು ಅದನ್ನು ಹಾಗೆಯೇ ಕಲಿಯುತ್ತದೆ. ಮಹಾಸಭೆಗಿಂತ ನಾಲ್ಕು ದಶಕ ಹಿಂದೆಯೇ ಇದಕ್ಕೆ ಪರಿಹಾರ ತೋರಿದ್ದವರು, ಕ್ರೈಸ್ತರಲ್ಲದ ಒಬ್ಬ ಇಂಗ್ಲಿಷ್ ಅಧ್ಯಾಪಕರು.

ಶ್ರೀಕಂಠಯ್ಯನವರು ಗ್ರೀಕರ ರುದ್ರನಾಟಕಗಳತ್ತಲೂ ತಿರುಗಿದರು. ರನ್ನನ ಕಾವ್ಯವನ್ನು ಗದಾಯುದ್ಧ ನಾಟಕವಾಗಿ ಜೋಡಿಸಿದ್ದು 1926ರಲ್ಲಿ. ಸೊಫೊಕ್ಲಿಸನ ಏಜಾಕ್ಸ್ ನಾಟಕದ ವೀರನನ್ನು ಮಹಾಭಾರತದ ಅಶ್ವತ್ಥಾಮನನ್ನಾಗಿ ಮಾಡಿದ್ದು 1929ರಲ್ಲಿ. ಈಸ್ಕಿಲಸನ ಪಾರಸಿಕರು ಕನ್ನಡಕ್ಕೆ ಬಂದದ್ದು 1935ರಲ್ಲಿ. ಅವುಗಳಿಗೆ ಅವರು ಹಳಗನ್ನಡದ ಗಾಂಭೀರ್ಯವನ್ನು ಕೊಟ್ಟರು. ಗೀತೆಗೆ ಮನೆಮಾತು, ರುದ್ರನಾಟಕಕ್ಕೆ ಪಂಪ ರನ್ನರ ಕಾಲದ ನುಡಿ ಎಂಬ ವಿವೇಕ ಅವರದು. ನಾಟಕಗಳ ಭಾಷೆ ಇಂದಿನ ಓದುಗರಿಗೆ ಕಠಿನ. ಅದರ ಘನತೆಯನ್ನು ಅರಿಯಬೇಕಾದರೆ ಗಟ್ಟಿಯಾಗಿಯೇ ಓದಬೇಕು. ಅವರು ಇಸ್ಲಾಂ ಸಂಸ್ಕೃತಿಯನ್ನು ಕುರಿತು ಒಂದು ಪುಸ್ತಕ ಬರೆದರೆಂಬುದನ್ನು ಮಂಡಿ ಮೊಹಲ್ಲಾದ ನೆರೆಹೊರೆಯ ನೆನಪಿನಲ್ಲಿ ಇಲ್ಲಿ ಸೇರಿಸುತ್ತೇವೆ.

1926ರಿಂದ 1930ರವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. ಕನ್ನಡದಲ್ಲಿ ಎಂ.ಎ. ತರಗತಿ 1927ರಲ್ಲಿ ಆರಂಭವಾದುದರ ಹಿಂದೆ ಅವರ ಶ್ರಮವಿತ್ತು. ಕುವೆಂಪು ಆ ತರಗತಿಗೆ ಸೇರಿದ್ದು ಅವರ ಪ್ರೇರಣೆಯಿಂದ. ಭಾರತೀಯ ಕಾವ್ಯಮೀಮಾಂಸೆಯನ್ನು ಬರೆದ ತೀ.ನಂ. ಶ್ರೀಕಂಠಯ್ಯನವರೂ ಅವರ ಶಿಷ್ಯರೇ. ಇಂಗ್ಲಿಷ್ ಗೀತಗಳ ಲಯಗಳನ್ನು ಹಿಡಿದು ಒಂದು ತಲೆಮಾರಿನ ಕವಿಗಳು ಸ್ವತಂತ್ರ ಕವಿತೆ ಬರೆದರು. ನವೋದಯ ಎಂದು ಕರೆಯುವ ಆ ಕಾಲದ ಕಾವ್ಯಕ್ಕೆ ಈ ಅನುವಾದಗಳು ಸೊಗಸಾದ ಪಾಠಶಾಲೆಯಾದವು. 1928ರಲ್ಲಿ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಮುಂದೆ ಬೆಂಗಳೂರಿಗೆ ವರ್ಗವಾಗಿ ಸೆಂಟ್ರಲ್ ಕಾಲೇಜಿನಲ್ಲಿ ಕಲಿಸಿದರು. 1938ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಕನ್ನಡ ನುಡಿ ಪತ್ರಿಕೆಯನ್ನೂ ಕನ್ನಡ ಪರೀಕ್ಷೆಗಳನ್ನೂ ನೆಲೆಗೊಳಿಸಿದರು. ಅದೇ ವರ್ಷ ಅರಮನೆಯಿಂದ ರಾಜಸೇವಾಸಕ್ತ ಬಿರುದು ಬಂದಿತು. ಜನ ಕೊಟ್ಟ ಹೆಸರು ಕನ್ನಡದ ಕಣ್ವ. ಅದೇ ಹೆಚ್ಚು ಬಾಳಿತು.

ನ್ಯೂಮನ್ನರು 1879ರಲ್ಲಿ ಕಾರ್ಡಿನಲ್ ಪದವಿಗೇರಿ 1890ರಲ್ಲಿ ತೀರಿಕೊಂಡರು. ಆಗ ಶ್ರೀಕಂಠಯ್ಯನವರು ಆರು ವರ್ಷದ ಬಾಲಕ. 2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸರು ನ್ಯೂಮನ್ನರನ್ನು ಸಂತರೆಂದು ಘೋಷಿಸಿದರು. ಕೇರಳದ ಮರಿಯಂ ತ್ರೇಸಿಯಾ ಅವರೂ ಅದೇ ದಿನ ಸಂತಪದವಿಗೇರಿದರು. 2025ರ ನವೆಂಬರ್ 1ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ನ್ಯೂಮನ್ನರಿಗೆ ಧರ್ಮಸಭೆಯ ಪಂಡಿತರೆಂಬ ಗೌರವವನ್ನು ನೀಡಿದರು. ಸಂತ ಅಂಬ್ರೋಸ್, ಸಂತ ಅಗಸ್ಟೀನರೂ ಆ ಸಾಲಿನವರೇ.

ನಿವೃತ್ತಿಯ ನಂತರ ಶ್ರೀಕಂಠಯ್ಯನವರು ವಿಶ್ರಾಂತಿ ಬಯಸಲಿಲ್ಲ. ಧಾರವಾಡದವರು ಕರೆದಾಗ ಅಲ್ಲಿನ ಹೊಸ ಕಾಲೇಜಿನ ಪ್ರಾಂಶುಪಾಲರಾಗಿ ಹೊರಟರು. ಕನ್ನಡಕ್ಕಾಗಿ ಮೊದಲ ಬಾರಿ ಧ್ವನಿಯೆತ್ತಿದ ಊರು ಅದು. ಮೂವತ್ತೈದು ವರ್ಷಗಳ ನಂತರ ಅದೇ ಊರಿನಲ್ಲಿ, 1946ರ ಜನವರಿ 5ರಂದು, ಅರವತ್ತೆರಡು ತುಂಬಿದ ಎರಡನೆಯ ದಿನ, ಅವರು ಕಣ್ಣು ಮುಚ್ಚಿದರು.